ದುಡ್ಡು ಜನರದ್ದು, ಬೀಗದ ಕೈ ಮಂತ್ರಿಯ ಹತ್ತಿರ ಯಾಕೆ?

ಆಕಾಶವಾಣಿ, ದೂರದರ್ಶನದಂಥ ಸಾರ್ವಜನಿಕ ಪ್ರಸಾರ ಸಂಸ್ಥೆಗಳಿಗೆ ಸರ್ಕಾರ ಇನ್ನೂ ದುಡ್ಡು ಕೊಡಬೇಕಾ? ಹೀಗೆ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಫೋನಿನಲ್ಲೇ ಎಲ್ಲ ಸಿಗುತ್ತದೆ, ಯೂಟ್ಯೂಬ್ ಇದೆ, ಖಾಸಗಿ ಚಾನೆಲ್‌ಗಳು ಲೆಕ್ಕವಿಲ್ಲದಷ್ಟಿವೆ. ಹಾಗಿರುವಾಗ ತೆರಿಗೆ ದುಡ್ಡು ಯಾಕೆ ಸುರಿಯಬೇಕು ಅನ್ನುವುದು ಅವರ ವಾದ. ಕೊಡಲೇಬೇಕು ಅನ್ನುವವನು ನಾನು. ಆದರೆ ಈಗ ಬಹಳ ಕಡೆ ಕೊಡುತ್ತಿರುವ ರೀತಿಯಲ್ಲಿ ಬೇಡ.

ಜಾಹೀರಾತಿನ ದುಡ್ಡು ಕೊಳ್ಳುವವರು ಎಲ್ಲಿ ಜಾಸ್ತಿ ಇದ್ದಾರೋ ಅಲ್ಲಿಗೆ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ವ್ಯಾಪಾರ ನಡೆಯುವುದೇ ಹಾಗೆ. ಆದರೆ ಕಡಿಮೆ ಜನ ಆಡುವ ಭಾಷೆ, ದೂರದ ಹಳ್ಳಿಯ ಸುದ್ದಿ, ಜಾಹೀರಾತಿಲ್ಲದ ಮಕ್ಕಳ ಕಾರ್ಯಕ್ರಮ ಇವೆಲ್ಲ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ವೇಲ್ಸ್‌ನ ಕಥೆ ನೋಡಿ. ವೆಲ್ಷ್ ಭಾಷೆಗೆ ಒಂದು ಟಿವಿ ಚಾನೆಲ್ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದ ಬ್ರಿಟನ್ ಸರ್ಕಾರ ಆಮೇಲೆ ಹಿಂದೆ ಸರಿಯಿತು. ಜನ ಟಿವಿ ಲೈಸೆನ್ಸ್ ಶುಲ್ಕ ಕಟ್ಟುವುದನ್ನೇ ನಿಲ್ಲಿಸಿ ಪ್ರತಿಭಟಿಸಿದರು. 1980ರಲ್ಲಿ ಅಲ್ಲಿನ ನಾಯಕ ಗ್ವಿನ್‌ಫೋರ್ ಇವಾನ್ಸ್, ಚಾನೆಲ್ ಕೊಡದಿದ್ದರೆ ಆಮರಣ ಉಪವಾಸ ಕೂರುತ್ತೇನೆ ಎಂದು ಘೋಷಿಸಿದರು. ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ಎಸ್4ಸಿ ಎಂಬ ವೆಲ್ಷ್ ಚಾನೆಲ್ ಶುರುವಾಯಿತು. ಒಂದು ಟಿವಿ ಚಾನೆಲ್ಲಿಗಾಗಿ ಪ್ರಾಣ ಪಣಕ್ಕಿಡಲು ಒಬ್ಬ ಮನುಷ್ಯ ಸಿದ್ಧನಾದ! ಮಾರುಕಟ್ಟೆ ತಾನಾಗೇ ಆ ಚಾನೆಲ್ ಕಟ್ಟಿಕೊಡುತ್ತಿತ್ತು ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ.

ಇನ್ನು ಜೀವ ಉಳಿಸುವ ಮಾತು. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ನಡೆಯುವುದು ಮನೆಮನೆಯವರು ಕಟ್ಟುವ ಶುಲ್ಕದಿಂದ. ಅದರಲ್ಲಿ ಜಾಹೀರಾತಿಲ್ಲ. 2011ರ ಸುನಾಮಿಯಲ್ಲಿ ಶಾಂತ ದನಿಯ ಎಚ್ಚರಿಕೆ ಸಾಲಲಿಲ್ಲ ಎಂದು ಮನಗಂಡ ಸಂಸ್ಥೆ, ನಿರೂಪಕರು ಮಾತಾಡುವ ಧಾಟಿಯನ್ನೇ ಬದಲಿಸಿತು. 2024ರ ಜನವರಿ 1ರಂದು ನೋಟೋ ಭಾಗದಲ್ಲಿ ಭೂಕಂಪವಾದಾಗ ನಿರೂಪಕಿ ಗಟ್ಟಿಯಾಗಿ, ಗದರುವಂತೆ, ಈಗಲೇ ಓಡಿ ಎಂದು ಮತ್ತೆ ಮತ್ತೆ ಕೂಗಿದ್ದು ಅದಕ್ಕೇ. ವರ್ಷಗಟ್ಟಲೆ ಇಂಥ ತಯಾರಿ ಮಾಡಿಕೊಳ್ಳುವುದರಲ್ಲಿ ಲಾಭ ಇಲ್ಲ. ಯಾರೋ ಒಬ್ಬರು ಅದರ ಖರ್ಚು ಹೊರಲೇಬೇಕು, ಅಲ್ವಾ?

ಇಷ್ಟಾದರೂ ಎದುರು ವಾದದಲ್ಲಿ ಒಂದು ಮಾತು ನೂರಕ್ಕೆ ನೂರು ನಿಜ. ಸರ್ಕಾರದ ದುಡ್ಡು ತಿಂದ ಸಂಸ್ಥೆ ಸರ್ಕಾರದ ತುತ್ತೂರಿಯಾಗುತ್ತದೆ. ಸುಮ್ನೆ ಆರೋಪ ಅಲ್ಲ, ಎಷ್ಟೋ ದೇಶಗಳಲ್ಲಿ ಆಗಿದೆ, ಆಗುತ್ತಲೇ ಇದೆ. ನಮ್ಮಲ್ಲಿ ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿಯ ಕಾಯ್ದೆ 1990ರಲ್ಲೇ ಪಾಸಾದರೂ ಜಾರಿಗೆ ಬಂದಿದ್ದು 1997ರಲ್ಲಿ. ಕಾಯ್ದೆಯ ಪ್ರಕಾರ ಸಂಸ್ಥೆ ಸ್ವಾಯತ್ತ. ಸಿಬ್ಬಂದಿಯ ಸಂಬಳ ಮಾತ್ರ ಸರ್ಕಾರದ ಅನುದಾನದಿಂದಲೇ ಬರಬೇಕು. ಸಂಬಳಕ್ಕೆ ಕೈಚಾಚಬೇಕಾದವರ ಮುಂದೆ ಹೋಗಿ ಕಟುವಾದ ಪ್ರಶ್ನೆ ಕೇಳುವುದು ಸುಲಭವಲ್ಲ.

ಹಾಗಂತ ದುಡ್ಡನ್ನೇ ನಿಲ್ಲಿಸಿದರೆ ಏನಾಗುತ್ತದೆ? ಅಮೆರಿಕದಲ್ಲಿ 1967ರ ಕಾಯ್ದೆ ಒಂದು ನಿಗಮವನ್ನು ನಡುವೆ ನಿಲ್ಲಿಸಿ, ಅದರ ಮೂಲಕ ಸ್ಥಳೀಯ ಕೇಂದ್ರಗಳಿಗೆ ದುಡ್ಡು ಹಂಚುವ ಏರ್ಪಾಡು ಮಾಡಿತ್ತು. ರಾಜಕೀಯದ ಬಿಸಿ ತಟ್ಟದಿರಲಿ ಎಂದು ಮುಂದಿನ ಎರಡು ವರ್ಷಗಳ ಮೊತ್ತಕ್ಕೆ ಮೊದಲೇ ಮಂಜೂರಾತಿ ಕೊಡುವ ಪದ್ಧತಿಯೂ ಇತ್ತು. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು, ಹಾಗೆ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರನ್ನು ವಾಪಸ್ ಪಡೆಯಿತು. ಮರು ತಿಂಗಳೇ ನಿಗಮ ಬಾಗಿಲು ಹಾಕುವ ತೀರ್ಮಾನ ಪ್ರಕಟಿಸಿತು. ದೊಡ್ಡ ನಗರಗಳ ಕೇಂದ್ರಗಳಿಗೆ ದಾನಿಗಳಿದ್ದಾರೆ. ಈ ದುಡ್ಡನ್ನೇ ಹೆಚ್ಚು ನಂಬಿಕೊಂಡಿದ್ದು ಹಳ್ಳಿಗಾಡಿನ ಮತ್ತು ಮೂಲನಿವಾಸಿಗಳ ಪುಟ್ಟ ಕೇಂದ್ರಗಳು. ಕೋಪ ದೊಡ್ಡವರ ಮೇಲೆ, ಏಟು ಬಿದ್ದಿದ್ದು ಚಿಕ್ಕವರಿಗೆ. ನನಗೆ ಇದು ತೀರಾ ಅನ್ಯಾಯ ಅನ್ನಿಸುತ್ತದೆ.

ಸರ್ಕಾರದ ಅನುದಾನದ ಬದಲು ಪ್ರಸಾರಕ್ಕೆಂದೇ ಬೇರೆ ಶುಲ್ಕ ಇಟ್ಟರೆ ಸಾಕು ಅನ್ನುವವರೂ ಇದ್ದಾರೆ. ಗ್ರೀಸಿನಲ್ಲಿ ಕರೆಂಟ್ ಬಿಲ್ ಜೊತೆಗೇ ಪ್ರಸಾರ ಶುಲ್ಕ ವಸೂಲಾಗುತ್ತಿತ್ತು. ಆದರೂ 2013ರ ಜೂನ್ 11ರಂದು ಸರ್ಕಾರ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಇಆರ್‌ಟಿಯನ್ನು ಮುಚ್ಚುತ್ತೇವೆ ಎಂದು ಪ್ರಕಟಿಸಿ, ಅದೇ ರಾತ್ರಿ ಪ್ರಸಾರ ಕಡಿದುಹಾಕಿತು. ಅದು ಮತ್ತೆ ತೆರೆದಿದ್ದು ಎರಡು ವರ್ಷದ ಮೇಲೆ, ಸರ್ಕಾರ ಬದಲಾದ ನಂತರ.

ನನಗೆ ಹಿಡಿಸಿದ್ದು ಜರ್ಮನಿಯ ದಾರಿ. 2013ರಿಂದ ಅಲ್ಲಿ ಶುಲ್ಕ ಮನೆಗೊಂದರಂತೆ. ಎಷ್ಟು ಬೇಕು ಎಂದು ಲೆಕ್ಕ ಹಾಕುವುದು ಮಂತ್ರಿಯಲ್ಲ, ಒಂದು ಸ್ವತಂತ್ರ ಆಯೋಗ. ಆ ಆಯೋಗ ತಿಂಗಳ ಶುಲ್ಕವನ್ನು 17.50 ಯೂರೋದಿಂದ 18.36ಕ್ಕೆ ಏರಿಸಲು ಹೇಳಿದಾಗ, 2020ರಲ್ಲಿ ಸ್ಯಾಕ್ಸನಿ-ಆನ್‌ಹಾಲ್ಟ್ ಎಂಬ ಒಂದೇ ರಾಜ್ಯ ತಡೆದು ನಿಲ್ಲಿಸಿತು. ಸಂಸ್ಥೆಗಳು ಕೋರ್ಟಿಗೆ ಹೋದವು. ಮರುವರ್ಷ ಸಂವಿಧಾನ ನ್ಯಾಯಾಲಯ, ಇದು ಪ್ರಸಾರ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಹೇಳಿ ಏರಿಕೆಯನ್ನು ಜಾರಿಗೆ ತಂದಿತು. ಏರಿಕೆ 86 ಸೆಂಟ್ ಮಾತ್ರ. ಆದರೆ ಕೋರ್ಟು ನೋಡಿದ್ದು ಮೊತ್ತವನ್ನಲ್ಲ, ಅದನ್ನು ತಡೆಯುವ ಹಕ್ಕು ಯಾರಿಗಿದೆ ಅನ್ನುವುದನ್ನು.

ಜನ ದುಡ್ಡು ಕೊಡಲು ಒಪ್ಪುವುದಿಲ್ಲ ಅನ್ನುವುದನ್ನೂ ನಾನು ಒಪ್ಪಲಾರೆ. 2018ರ ಮಾರ್ಚ್‌ನಲ್ಲಿ ಸ್ವಿಟ್ಜರ್‌ಲೆಂಡ್, ಪ್ರಸಾರ ಶುಲ್ಕ ರದ್ದು ಮಾಡಬೇಕಾ ಎಂದು ಜನರನ್ನೇ ಕೇಳಿತು. ಆಗ ಒಂದು ಮನೆಗೆ ವರ್ಷಕ್ಕೆ 451 ಫ್ರಾಂಕ್, ಕಡಿಮೆ ಮೊತ್ತವೇನಲ್ಲ. ಮತ ಹಾಕಿದವರಲ್ಲಿ ಶೇ 71.6ರಷ್ಟು ಜನ ರದ್ದು ಬೇಡ ಎಂದರು. ಮರುವರ್ಷ ಶುಲ್ಕ 365 ಫ್ರಾಂಕಿಗೆ ಇಳಿಯಿತು, ಸಂಸ್ಥೆ ಉಳಿಯಿತು.