ಅವರಿಬ್ಬರೂ ಬರೀ ಕಸಿನ್ಸ್ ಸ್ವಾಮಿ!

ಟೀವಿ ಕಾರ್ಟೂನಿನಲ್ಲಿ ಇಬ್ಬರು ಹುಡುಗಿಯರ ಪ್ರೀತಿ ಮಕ್ಕಳ ಕಣ್ಣಿಗೆ ಬೀಳಬಾರದು ಅಂದರೆ ಏನು ಮಾಡಬೇಕು? ಅವರನ್ನು ಕಸಿನ್ಸ್ ಮಾಡಿಬಿಡಬೇಕು. ಸುಮ್ನೆ ಹೇಳುತ್ತಿಲ್ಲ. ಜಪಾನಿನ ‘ಸೈಲರ್ ಮೂನ್’ ಸರಣಿಯನ್ನು ಅಮೆರಿಕದ ಟೀವಿಗೆ ಇಳಿಸಿದವರು 2000ನೇ ಇಸವಿಯಲ್ಲಿ ಇದನ್ನೇ ಮಾಡಿದರು. ಮೂಲದಲ್ಲಿ ಹರುಕಾ, ಮಿಚಿರು ಪ್ರೇಮಿಗಳು. ಇಂಗ್ಲಿಷ್ ಡಬ್ಬಿಂಗಿನಲ್ಲಿ ಹೆಸರು ಬದಲಾಯಿತು, ಮಾತು ಬದಲಾಯಿತು, ನೆಂಟಸ್ತಿಕೆ ಹುಟ್ಟಿಕೊಂಡಿತು, ಆದರೆ ಚಿತ್ರ ಮಾತ್ರ ಹಳೆಯದೇ ಉಳಿಯಿತು. ಅದೇ ಓರೆನೋಟ, ಅದೇ ನಾಚಿಕೆ, ಅದೇ ಕಿಚಾಯಿಸುವಿಕೆ. ನೋಡಿದ ಮಕ್ಕಳಿಗೆ ಈ ಕಸಿನ್ಸ್ ಯಾಕೆ ಹೀಗಾಡುತ್ತಾರೆ ಅಂತ ಇನ್ನೂ ಜಾಸ್ತಿ ಗಾಬರಿ!

ಈ ಐಡಿಯಾ ನಮ್ಮೂರಿನಲ್ಲಿ ಓಡುತ್ತಿತ್ತಾ? ಅತ್ತೆ ಮಗಳು, ಮಾವನ ಮಗ ಅಂದ ಕೂಡಲೇ ನಮ್ಮ ಹಿರಿಯರು ಸಮಾಧಾನದಿಂದ ತಲೆಯಾಡಿಸಿ, ‘ವರಸೆ ಸರಿಯಾಗಿದೆ, ಲಗ್ನ ಯಾವಾಗ?’ ಅನ್ನುತ್ತಾರೆ. ಗುಟ್ಟು ಮುಚ್ಚಲು ಹೋಗಿ ನಿಶ್ಚಿತಾರ್ಥವನ್ನೇ ಮಾಡಿಸಿಬಿಟ್ಟ ಹಾಗಾಗುತ್ತಿತ್ತು.

ಮುಚ್ಚುವವರು ಹೀಗಾದರೆ, ಹುಡುಕುವ ಅಭಿಮಾನಿಗಳೂ ಕಮ್ಮಿಯೇನಲ್ಲ. ಕಥೆಯಲ್ಲಿ ಬಾಯಿಬಿಟ್ಟು ಹೇಳದ ಪ್ರೀತಿಯನ್ನು ಹುಡುಕಿ ಜೋಡಿ ಕಟ್ಟುವುದಕ್ಕೆ ಅವರು ಶಿಪ್ಪಿಂಗ್ ಅನ್ನುತ್ತಾರೆ, ಮತ್ತು ಆ ಕೆಲಸದಲ್ಲಿ ಅವರಿಗಿರುವ ಶ್ರದ್ಧೆ ಕಂಡರೆ ನಮ್ಮ ಮದುವೆ ದಲ್ಲಾಳಿಗಳೂ ನಾಚಬೇಕು. ಬಿಬಿಸಿಯ ‘ಷರ್ಲಾಕ್’ ನಾಲ್ಕನೇ ಸೀಸನ್ 2017ರ ಜನವರಿಯಲ್ಲಿ ಮುಗಿಯಿತು, ಷರ್ಲಾಕ್ ಮತ್ತು ವಾಟ್ಸನ್ ಒಂದಾಗಲಿಲ್ಲ. ಕೆಲವರು ಒಪ್ಪಲೇ ಇಲ್ಲ. ಇನ್ನೊಂದು ಗುಪ್ತ ಕಂತು ಇದೆ, ಮುಂದಿನ ಭಾನುವಾರ ಅದೇ ಚಾನೆಲ್‌ನಲ್ಲಿ ಶುರುವಾಗುವ ಬೇರೆ ಧಾರಾವಾಹಿ ಬರೀ ನಾಟಕ, ಮಧ್ಯದಲ್ಲಿ ಷರ್ಲಾಕ್ ಎದ್ದು ಬರುತ್ತಾನೆ ಅಂತ ಕಾದು ಕೂತರು. ಬಂದದ್ದು ಆ ಬೇರೆ ಧಾರಾವಾಹಿಯೇ.

ಇಷ್ಟು ಹಠ ಇರುವವರ ಜೊತೆ ವಾದಕ್ಕೆ ಇಳಿಯಬಾರದು, ಆದರೂ ಇಳಿಯುತ್ತಾರೆ. 1966ರ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್ ಮತ್ತು ಅನ್ಯಗ್ರಹದ ಕುಲದ ಸ್ಪಾಕ್ ಪ್ರೇಮಿಗಳು ಅಂತ ಅಭಿಮಾನಿಗಳು 70ರ ದಶಕದಲ್ಲಿ ಕಥೆ ಬರೆದು ಕೈಯಿಂದ ಕೈಗೆ ಹಂಚುತ್ತಿದ್ದರು. ಸರಣಿಯ ಜನಕ ಜೀನ್ ರಾಡನ್‌ಬೆರಿ 1979ರ ಕಾದಂಬರಿಯಲ್ಲಿ ಒಂದು ಅಡಿಟಿಪ್ಪಣಿ ಹಾಕಿ, ಕರ್ಕ್‌ನ ಬಾಯಲ್ಲೇ ಉತ್ತರ ಕೊಡಿಸಿದರು. ನನಗೆ ಹೆಂಗಸರೇ ಇಷ್ಟ, ಅಲ್ಲದೆ ಏಳು ವರ್ಷಕ್ಕೊಮ್ಮೆ ಮಾತ್ರ ಬೆದೆಗೆ ಬರುವ ಸಂಗಾತಿಯನ್ನು ಆರಿಸಿಕೊಳ್ಳುವಷ್ಟು ದಡ್ಡ ನಾನಲ್ಲ ಅನ್ನುವ ಅರ್ಥದಲ್ಲಿ. ಅಂದರೆ ತಕರಾರು ಇದ್ದದ್ದು ಟೈಮ್ ಟೇಬಲ್ ಬಗ್ಗೆ! ಇದಕ್ಕಿಂತ ಒಳ್ಳೆ ಸಾಕ್ಷಿ ಅಭಿಮಾನಿಗಳಿಗೆ ಯಾರು ಕೊಡುತ್ತಾರೆ?

ಆದರೆ ಪ್ರೀತಿ ಮುಚ್ಚಿಡುವ ಕಲೆಯಲ್ಲಿ ಚಿನ್ನದ ಪದಕ ಚೀನಾಕ್ಕೇ ಸೇರಬೇಕು. 2019ರ ‘ದಿ ಅನ್‌ಟೇಮ್ಡ್’ ಧಾರಾವಾಹಿಯ ಮೂಲ ಒಂದು ಕಾದಂಬರಿ, ಅದರಲ್ಲಿ ಇಬ್ಬರು ನಾಯಕರಾದ ವೇ ವೂಶಿಯಾನ್ ಮತ್ತು ಲಾನ್ ವಾಂಗ್‌ಜಿ ಪ್ರೀತಿಸಿ ಮದುವೆಯನ್ನೂ ಆಗುತ್ತಾರೆ. ಸೆನ್ಸಾರ್ ಇರುವ ಕಡೆ ಅದು ನಡೆಯುವುದಿಲ್ಲ, ಹಾಗಾಗಿ ತೆರೆಗೆ ಬರುವಾಗ ಅವರು ಕುಚಿಕು ಗೆಳೆಯರಾದರು. ಎಂಥ ಗೆಳೆಯರು ಅಂತೀರಿ? ಲಾನ್ ಮನೆತನದ ಹಣೆಪಟ್ಟಿಯನ್ನು ಹೆತ್ತವರು, ಹೆಂಡತಿ, ಮಕ್ಕಳು ಬಿಟ್ಟು ಬೇರೆಯವರು ಮುಟ್ಟುವಂತಿಲ್ಲ, ಅದನ್ನೇ ಇವನು ಬಿಚ್ಚಿ ಗೆಳೆಯನ ಕೈಗೆ ಕಟ್ಟುತ್ತಾನೆ. ಆ ಗೆಳೆಯ ಸತ್ತ ಮೇಲೂ ಹದಿನಾರು ವರ್ಷ ಕಾಯುತ್ತಾನೆ. ಗೆಳೆಯ ಮತ್ತೆ ಜೀವ ತಳೆದು ಮುಖವಾಡ ಹಾಕಿಕೊಂಡು ಬಂದರೂ, ತಾವಿಬ್ಬರೇ ಕೇಳಿದ್ದ ಒಂದು ರಾಗ ಹಿಡಿದು ಗುರುತಿಸುತ್ತಾನೆ. ನೋಡುಗರು ಇದಕ್ಕೆ ‘ಸಮಾಜವಾದಿ ಸೋದರತ್ವ’ ಅಂತ ನಾಮಕರಣ ಮಾಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಪ್ರೀತಿಯನ್ನು ಕತ್ತರಿಸಬೇಕಾದರೆ ಅದು ಎಲ್ಲೆಲ್ಲಿ ಇದೆ ಅಂತ ಮೊದಲು ಕಾಣಬೇಕಲ್ವಾ? ಒಂದೊಂದು ನೋಟವನ್ನೂ ತೂಗಿ ನೋಡುವ ಸೆನ್ಸಾರಿನವನಷ್ಟು ಪಕ್ಕಾ ಶಿಪ್ಪರ್ ಇನ್ನೊಬ್ಬನಿಲ್ಲ, ಸಂಬಳ ಬೇರೆ ಬರುತ್ತದೆ.

ನಗು ಅಲ್ಲಿಗೆ ಮುಗಿಯಲಿಲ್ಲ. 2020ರ ಫೆಬ್ರವರಿಯಲ್ಲಿ ಯಾರೋ ಈ ಧಾರಾವಾಹಿಯ ಇಬ್ಬರು ನಟರನ್ನೇ ಜೋಡಿ ಮಾಡಿ ಕಥೆ ಬರೆದರು. (ಪಾತ್ರಗಳನ್ನು ಬಿಟ್ಟು ನಿಜವಾದ ಮನುಷ್ಯರಿಗೆ ಕೈ ಹಾಕುವುದು ನನಗೂ ಸರಿ ಕಾಣುವುದಿಲ್ಲ, ಅದು ಬೇರೆ ಮಾತು.) ಒಬ್ಬ ನಟನ ಭಕ್ತರಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಓದುವುದು ಬಿಡಬಹುದಿತ್ತು. ಅದರ ಬದಲು ಗುಂಪು ಕಟ್ಟಿಕೊಂಡು ಸರ್ಕಾರಕ್ಕೆ ದೂರು ಕೊಟ್ಟರು. ಕೆಲವೇ ದಿನಗಳಲ್ಲಿ, ಆ ಕಥೆಯೂ ಸೇರಿ ಲಕ್ಷಗಟ್ಟಲೆ ಅಭಿಮಾನಿ ಕಥೆಗಳಿದ್ದ ‘ಆರ್ಕೈವ್ ಆಫ್ ಅವರ್ ಓನ್’ ತಾಣವೇ ಚೀನಾದಲ್ಲಿ ಬಂದ್! ಹಿಂದಿನ ವರ್ಷವಷ್ಟೇ ವೈಜ್ಞಾನಿಕ ಕಥಾ ಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಗೆದ್ದಿದ್ದ ತಾಣ ಅದು. ಈಗ ಕಥೆ ಕಳೆದುಕೊಂಡವರಿಗೆ ಸಿಟ್ಟು ಬಂತು. ಆ ನಟ ಜಾಹೀರಾತು ಕೊಟ್ಟ ಸಾಮಾನು ಕೊಳ್ಳುವುದಿಲ್ಲ ಅಂತ ಇವರು ಹೊರಟರು. ಕಥೆ ಬರೆಯದ, ದೂರು ಕೊಡದ, ಬರೀ ನಟಿಸಿದ ಆ ಬಡಪಾಯಿ ನಡುವೆ ಸಿಕ್ಕಿಕೊಂಡ. ಅವನ ಮಾನ ಕಾಪಾಡಲು ಹೊರಟವರೇ ಅವನ ಹೊಟ್ಟೆಪಾಡಿಗೆ ಕಲ್ಲು ಹಾಕಿದ್ದರು.

ಇಷ್ಟಾದ ಮೇಲೆ ಅಧಿಕಾರಿಗಳು ಬೇರಿಗೇ ಮದ್ದು ಹುಡುಕಿದರು. ಹೆಣ್ಣಿಗರಂತೆ ಕಾಣುವ ಗಂಡಸರು ಪರದೆ ಮೇಲೆ ಬೇಡ ಅಂತ 2021ರ ಸೆಪ್ಟೆಂಬರಿನಲ್ಲಿ ಆದೇಶ ಹೊರಟಿತು. ಸರಿ, ಇನ್ನು ಮೇಲೆ ನಿರ್ಮಾಪಕರು ಗಟ್ಟಿಮುಟ್ಟಾದ, ಅಗಲ ಎದೆಯ, ಜೀವಕ್ಕೆ ಜೀವ ಕೊಡುವ ಗಂಡಸರನ್ನೇ ಹುಡುಕಿ ತಂದು ಪಕ್ಕಪಕ್ಕ ನಿಲ್ಲಿಸಬೇಕು. ಅಭಿಮಾನಿಗಳಿಗೆ ಇನ್ನೇನು ಬೇಕು?