ಬೂದುಗುಂಬಳ ಒಡೆದಿದ್ದೇವೆ, ಧೈರ್ಯವಾಗಿ ಹತ್ತಿ

ಸುದ್ದಿ ನೀವೂ ಓದಿರುತ್ತೀರಿ. ಕರೆಂಟ್ ಹೋಯಿತು, ಲಿಫ್ಟ್ ನಡುವೆ ನಿಂತಿತು, ಒಳಗಿದ್ದವರು ಬಾಗಿಲು ಬಡಿದರು, ಅಗ್ನಿಶಾಮಕದವರು ಬಂದು ಬಿಡಿಸಿದರು, ಎಲ್ಲರೂ ಕ್ಷೇಮ. ಕಟ್ಟಡದ ಹೆಸರು ಮಾತ್ರ ಬೇರೆ, ಮಿಕ್ಕಿದ್ದೆಲ್ಲ ಅದೇ. ಪೇಪರಿನವರು ಒಂದು ಸಲ ಟೈಪ್ ಮಾಡಿಟ್ಟುಕೊಂಡರೆ ವರ್ಷವೆಲ್ಲ ಸಾಕು.

ಹಾಗಂತ ನಮ್ಮ ಮೈಸೂರಿನ ಅಪಾರ್ಟ್‌ಮೆಂಟುಗಳನ್ನು ಯಾರೂ ಆಡಿಕೊಳ್ಳುವ ಹಾಗಿಲ್ಲ. ಸುದ್ದಿ ಬಂದ ಮಾರನೇ ದಿನವೇ ನಾವು ಕ್ರಮ ಕೈಗೊಂಡಿರುತ್ತೇವೆ. ಲಿಫ್ಟಿನೊಳಗೆ ಒಂದು ಹಾಳೆ. 'ಲಿಫ್ಟ್ ಬಳಸುವವರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಬಳಸತಕ್ಕದ್ದು. ಸಂಘವು ಹೊಣೆಯಲ್ಲ.' ಲ್ಯಾಮಿನೇಷನ್ ಬೇರೆ ಮಾಡಿಸಿರುತ್ತೇವೆ, ಖರ್ಚಿಗೆ ಹಿಂದೆಮುಂದೆ ನೋಡುವುದಿಲ್ಲ. ಅದನ್ನು ಒಳಗೇ ಅಂಟಿಸಿರುವುದರಿಂದ ಬಾಗಿಲು ಮುಚ್ಚಿದ ಮೇಲಷ್ಟೇ ಓದಲು ಸಿಗುತ್ತದೆ. ಸಿಕ್ಕಿಹಾಕಿಕೊಂಡರೆ ಇನ್ನೂ ಸಾವಕಾಶವಾಗಿ ಓದಬಹುದು.

ಹಾಳೆಯ ಪಕ್ಕದಲ್ಲೇ ಒಂದು ಸ್ಟಿಕ್ಕರ್. ತುರ್ತು ಕರೆಯ ನಂಬರ್. ಕೊನೆಯ ಎರಡು ಅಂಕಿಯನ್ನು ಯಾವುದೋ ಮಗು ಉಗುರಿನಿಂದ ಕೆರೆದು ತೆಗೆದಿದೆ. ಇದ್ದಿದ್ದರೂ ಅಷ್ಟರಲ್ಲೇ ಇತ್ತು ಬಿಡಿ, ಸುತ್ತಲೂ ಉಕ್ಕಿನ ತಗಡು, ಮೊಬೈಲಿಗೆ ಟವರ್ ಸಿಗುವುದಿಲ್ಲ. ಅದಕ್ಕೇ ಅಲಾರಂ ಬಟನ್ ಕೊಟ್ಟಿರುತ್ತಾರೆ, ಗಂಟೆಯ ಚಿತ್ರ ಇರುವುದು. ಅದರ ವೈರನ್ನು ಬೇಸಿಗೆ ರಜೆಯಲ್ಲೇ ತೆಗೆಸಿದ್ದಾಯಿತು. ಮಕ್ಕಳು ಸುಮ್ನೆ ಒತ್ತುತ್ತಿದ್ದವು, ಅಧ್ಯಕ್ಷರ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು. ಇಂಟರ್‌ಕಾಮ್ ಇದೆ. ಅದು ಸೆಕ್ಯುರಿಟಿ ರೂಮಿನಲ್ಲಿ ರಿಂಗ್ ಆಗುತ್ತದೆ. ಕರೆಂಟ್ ಹೋದ ಹೊತ್ತಿನಲ್ಲಿ ಸೆಕ್ಯುರಿಟಿಯವರು ಜನರೇಟರಿಗೆ ಡೀಸೆಲ್ ತರಲು ಬಂಕಿಗೆ ಹೋಗಿರುತ್ತಾರೆ.

ಲಿಫ್ಟನ್ನು ನೋಡಿಕೊಳ್ಳುವುದೇ ಇಲ್ಲ ಅನ್ನುವುದು ಮಾತ್ರ ಶುದ್ಧ ಸುಳ್ಳು. ಆಯುಧಪೂಜೆ ದಿನ ಬಂದು ನೋಡಿ. ಅವತ್ತು ನಮ್ಮ ಲಿಫ್ಟಿಗೆ ಆಗುವ ಸೇವೆ ಅರಮನೆಯ ಪಟ್ಟದ ಕತ್ತಿಗೂ ಆಗುತ್ತದೋ ಇಲ್ಲವೋ. ಬಾಗಿಲಿನ ಎರಡೂ ಕಡೆ ಬಾಳೆಕಂದು. ಅದರ ಎಲೆ ಸೆನ್ಸರಿಗೆ ಅಡ್ಡ. ಬಾಗಿಲು ಮುಚ್ಚಲು ಬರುತ್ತದೆ, ಯಾರೋ ನಿಂತಿದ್ದಾರೆ ಅಂದುಕೊಂಡು ವಾಪಸ್ ಹೋಗುತ್ತದೆ. ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ತಾಯಿ ಚಾಮುಂಡಿ ಒಪ್ಪಿಕೊಂಡಳು ಅಂತ ಮೂರನೇ ಮಹಡಿಯ ಅಜ್ಜಿ ಕೈ ಮುಗಿಯುತ್ತಾರೆ. ಆಮೇಲೆ ಹೊಸ್ತಿಲಿಗೆ ಅರಿಶಿನ, ಕುಂಕುಮ, ಚೆಂಡುಹೂವು, ಹೋಳು ಮಾಡಿದ ನಿಂಬೆಹಣ್ಣು. ಬಾಗಿಲು ಓಡಾಡುವ ಸಣ್ಣ ಸಂದು ಇದೆಯಲ್ಲ, ಎಸಳು, ಬೀಜ, ಕುಂಕುಮ ಎಲ್ಲ ಅದರೊಳಗೆ. ಕಡೆಗೆ ಬೂದುಗುಂಬಳ. ಟೈಲ್ಸಿಗೆ ಕಲೆಯಾಗುತ್ತದೆ ಅಂತ ಅದನ್ನು ಗೇಟಿನ ಹೊರಗೆ ಒಡೆಯುತ್ತೇವೆ. ಅಲ್ಲಿ ಸ್ಕೂಟರಿನವರು ಜಾರಿ ಬೀಳಬಹುದು, ಆದರೆ ಅವರು ನಮ್ಮ ಅಪಾರ್ಟ್‌ಮೆಂಟಿನವರಲ್ಲ.

ಎರಡು ದಿನದಲ್ಲಿ ಸಂದಿನ ಹೂವು ಒಣಗಿ ಗಟ್ಟಿಯಾಗುತ್ತದೆ. ಯಾವ ಮೆಕ್ಯಾನಿಕ್ಕನ್ನು ಬೇಕಾದರೂ ಕೇಳಿ, ಲಿಫ್ಟ್ ಕೈಕೊಡುವುದರಲ್ಲಿ ಬಾಗಿಲಿನ ತಕರಾರೇ ಜಾಸ್ತಿ. ಬಾಗಿಲು ಪೂರ್ತಿ ಮುಚ್ಚಿದೆ ಅಂತ ಗೊತ್ತಾಗದೆ ಲಿಫ್ಟ್ ಹೊರಡುವುದಿಲ್ಲ. ದಾರಿಯಲ್ಲಿ ಅನುಮಾನ ಬಂದರೆ ಇದ್ದಲ್ಲೇ ನಿಲ್ಲುತ್ತದೆ. ಒಂದು ಹಳೇ ಹಲ್ಲುಜ್ಜುವ ಬ್ರಷ್, ಐದು ನಿಮಿಷದ ಕೆಲಸ. ಕುಂಬಳಕಾಯಿಗೆ ವಂತಿಗೆ ಎತ್ತುವವರು ಬ್ರಷ್ ಹಿಡಿಯುವುದಿಲ್ಲ.

ಕರೆಂಟ್ ಹೋದರೆ ಏನು ಮಾಡುವುದು ಅನ್ನುವುದಕ್ಕೂ ಮದ್ದಿದೆ. ಎಆರ್‌ಡಿ ಅನ್ನುತ್ತಾರೆ, ಬ್ಯಾಟರಿ ಪೆಟ್ಟಿಗೆ. ಕರೆಂಟ್ ಹೋದ ಕೂಡಲೇ ಲಿಫ್ಟನ್ನು ನಿಧಾನಕ್ಕೆ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುತ್ತದೆ. ನಮ್ಮಲ್ಲೂ ಇದೆ. ಬ್ಯಾಟರಿ ಮಾತ್ರ ಸತ್ತಿದೆ. ಈ ವಿಷಯ ಸಂಘದ ಮೀಟಿಂಗಿಗೆ ಬಂತು. ಗ್ರೌಂಡ್ ಫ್ಲೋರಿನ ರಾಯರು ಎದ್ದು ನಿಂತರು. 'ನಾನು ಲಿಫ್ಟೇ ಹತ್ತಲ್ಲ. ನಾನ್ಯಾಕ್ರೀ ದುಡ್ಡು ಕೊಡಬೇಕು?' ಹಾಗಾದರೆ ಮೇಲಿನ ಮಹಡಿಯವರು ರಾಯರ ಮನೆ ಮುಂದಿನ ಒಳಚರಂಡಿಗೆ ದುಡ್ಡು ಕೊಟ್ಟಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ಇದೆಯಲ್ಲ, ಅದರಲ್ಲೇ ಹಾಕಿಸಿ ಅಂದರು ಖಜಾಂಚಿ. ಮೆಕ್ಯಾನಿಕ್ ಹುಡುಗ ತಲೆ ಕೆರೆದುಕೊಂಡ.

'ಎಎಂಸಿಯಲ್ಲಿ ಬ್ಯಾಟರಿ ಬರಲ್ಲ ಸಾರ್.'

'ಮತ್ತೆ ಏನಪ್ಪಾ ಬರುತ್ತೆ?'

'ನಾನು ಬರ್ತೀನಿ ಸಾರ್.'

ಬ್ಯಾಟರಿ ಮುಂದಿನ ಮೀಟಿಂಗಿಗೆ ಹೋಯಿತು. ಉಳಿದ ಹೊತ್ತೆಲ್ಲ ಗೇಟಿನ ಕಮಾನಿಗೆ ಯಾವ ಬಣ್ಣ ಅನ್ನುವುದಕ್ಕೆ.

ಈ ವಿಷಯದಲ್ಲಿ ನಿಜವಾದ ಮಾದರಿ ಅಂದರೆ ಕಚೇರಿಗಳು. ಜನ ಲಿಫ್ಟಿನಲ್ಲಿ ಸಿಕ್ಕಿಕೊಳ್ಳದ ಹಾಗೆ ತಡೆಯುವುದು ಹೇಗೆ ಅಂತ ಜಗತ್ತೆಲ್ಲ ತಲೆ ಕೆಡಿಸಿಕೊಂಡಿರುವಾಗ ಅಲ್ಲಿ ಒಂದೇ ಬೋರ್ಡಿನಲ್ಲಿ ಮುಗಿಸಿದ್ದಾರೆ: 'ಲಿಫ್ಟ್ ಕೆಟ್ಟಿದೆ.' ಹತ್ತುವವರೇ ಇಲ್ಲದಿದ್ದರೆ ಸಿಕ್ಕಿಕೊಳ್ಳುವವರು ಯಾರು? ಲಿಫ್ಟ್‌ಮನ್ ಕೂರುತ್ತಿದ್ದ ಸ್ಟೂಲ್ ಇನ್ನೂ ಇದೆ, ಅದರ ಮೇಲೆ ಯಾರದೋ ಊಟದ ಬ್ಯಾಗು. ಕೇಳಿದರೆ, ಮೆಟ್ಟಿಲು ಹತ್ತಿ ಸ್ವಾಮಿ, ಆರೋಗ್ಯಕ್ಕೆ ಒಳ್ಳೇದು ಅನ್ನುತ್ತಾರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಊರಿನವರಿಗೆ ಮೂರು ಮಹಡಿ ಯಾವ ಲೆಕ್ಕ? ಬೆಟ್ಟದ ದಾರಿಯಲ್ಲಿ ದಣಿವಾರಿಸಿಕೊಳ್ಳಲು ನಂದಿಯಾದರೂ ಇದ್ದಾನೆ. ಇಲ್ಲಿ ಪಿಂಚಣಿ ಕೇಳಲು ಬಂದ ಅಜ್ಜ ಮೆಟ್ಟಿಲಿನ ಕಂಬಿ ಹಿಡಿದು ಎರಡನೇ ಮಹಡಿಯಲ್ಲೇ ನಿಂತಿರುತ್ತಾರೆ. ಸಾಹೇಬರು ಇರುವುದು ಮೂರನೆಯದರಲ್ಲಿ, ಇದ್ದರೆ.

ಕರೆಂಟನ್ನು ದೂರುವುದಂತೂ ನಮ್ಮ ಸೀಮೆಯವರಿಗೆ ಶೋಭೆಯಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟವರು ನಾವು. ಹತ್ತಿರ ಹತ್ತಿರ 150 ಕಿಲೋಮೀಟರ್ ತಂತಿ ಎಳೆದು. ಆ ಶಿವನಸಮುದ್ರ ಇರುವುದು ಮಂಡ್ಯ ಜಿಲ್ಲೆಯಲ್ಲಿ. ಈಗ ಅದೇ ಮಂಡ್ಯದ ಕಾಂಪ್ಲೆಕ್ಸುಗಳಲ್ಲಿ ಕರೆಂಟ್ ಹೋದರೆ ಲಿಫ್ಟ್ ಅರ್ಧ ಮಹಡಿ ಇಳಿಯಲಾರದು.

ಸಿಕ್ಕಿಕೊಂಡವರಿಗೆ ಇರುವುದು ಎರಡೇ ಭಯ. ಗಾಳಿ ಸಾಲದೆ ಉಸಿರು ಕಟ್ಟುತ್ತದೆ, ಇಲ್ಲವೇ ರೋಪ್ ಕಡಿದು ಲಿಫ್ಟ್ ಬೀಳುತ್ತದೆ. ಗಾಳಿಗೆ ಕಿಂಡಿ ಇರುತ್ತವೆ, ಅದೇನು ಮುಚ್ಚಳ ಬಿಗಿದ ಡಬ್ಬಿಯಲ್ಲ. ರೋಪಿನ ಭಯಕ್ಕೆ ಓಟಿಸ್ ಅನ್ನುವ ಪುಣ್ಯಾತ್ಮ 1854ರಲ್ಲೇ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಉತ್ತರ ಕೊಟ್ಟ. ತಾನೇ ಮೇಲೆ ನಿಂತುಕೊಂಡು ಹಗ್ಗ ಕಡಿಸಿದ. ಲಿಫ್ಟ್ ಸ್ವಲ್ಪ ಜಾರಿ ಗಕ್ಕನೆ ನಿಂತಿತು. ನಮ್ಮಲ್ಲೂ ದಸರಾ ವಸ್ತುಪ್ರದರ್ಶನ ನಡೆಯುತ್ತದೆ, ಡೆಲ್ಲಿ ಹಪ್ಪಳ ತಿಂದು ಬರುತ್ತೇವೆ.

ಸಿಕ್ಕಿಕೊಂಡವರಿಗೆ ಹೆಚ್ಚಿನ ಅಪಾಯ ಗಾಳಿಯಿಂದಲೂ ಅಲ್ಲ, ರೋಪಿನಿಂದಲೂ ಅಲ್ಲ. ಬಿಡಿಸಲು ಹೋದಾಗ. ಲಿಫ್ಟ್ ಎರಡು ಮಹಡಿ ನಡುವೆ ನಿಂತಿರುತ್ತದೆ. ಹೊರಗಿನಿಂದ ಬಾಗಿಲು ತೆರೆಯುವ ಮೂರು ಮೂಲೆಯ ಕೀ ಸೆಕ್ಯುರಿಟಿಯವನ ಜೇಬಿನಲ್ಲಿರುತ್ತದೆ. ಯಾರೂ ಏನೂ ಕಲಿಸಿರುವುದಿಲ್ಲ. ಮೇನ್ ಆಫ್ ಮಾಡಬೇಕು ಅಂತಲೂ ಅವನಿಗೆ ಗೊತ್ತಿಲ್ಲ. 'ಗಾಬರಿ ಆಗ್ಬೇಡಿ ಅಮ್ಮಾವ್ರೇ, ಹಾರ್ಕೊಳಿ, ನಾನು ಹಿಡ್ಕೋತೀನಿ' ಅನ್ನುತ್ತಾನೆ. ಅವರು ಹಾರುವ ಜಾಗದ ಹಿಂದೆ, ಲಿಫ್ಟಿನ ತಳದ ಕೆಳಗೆ, ಬಾವಿ ಬಾಯಿ ತೆರೆದಿರುತ್ತದೆ. ಕಾಲು ಜಾರಿದರೆ ನೇರ ತಳದ ಗುಂಡಿಗೆ. ಅಥವಾ ಆ ಹೊತ್ತಿಗೆ ಸರಿಯಾಗಿ ಕರೆಂಟ್ ಬರುತ್ತದೆ. ಒಳಗಿದ್ದವರು ಬಾಗಿಲು ಮೀಟದೆ ಸುಮ್ಮನೆ ಕೂತಿರಬೇಕು, ಹೊರಗಿದ್ದವರು ಕೆಲಸ ಗೊತ್ತಿರುವವರನ್ನು ಕರೆಸಬೇಕು. ಇಷ್ಟು ಹೇಳಲು ಯಾವ ವಿಜ್ಞಾನಿಯೂ ಬೇಡ. ಕರ್ನಾಟಕದಲ್ಲಿ ಲಿಫ್ಟಿಗೆಂದೇ 2012ರ ಕಾಯ್ದೆ ಇದೆ, ಲೈಸೆನ್ಸ್ ಇದೆ, ತಪಾಸಣೆ ಇದೆ. ಇಷ್ಟೆಲ್ಲ ಇದ್ದೂ ಒಬ್ಬ ಸೆಕ್ಯುರಿಟಿಯವನಿಗೆ ಅರ್ಧ ಗಂಟೆ ಹೇಳಿಕೊಡಲು ನಮಗೆ ಪುರುಸೊತ್ತಿಲ್ಲ. ಅವನಿಗೆ ಕೊಡುವ ಸಂಬಳಕ್ಕೆ ಕಾರು ಒರೆಸುವುದು, ಗಿಡಕ್ಕೆ ನೀರು ಹಾಕುವುದು, ಜೀವ ಉಳಿಸುವುದು ಎಲ್ಲ ಸೇರಿದೆ. ಏನಾದರೂ ಆದರೆ ಮೊದಲು ಕೇಸು ಬೀಳುವುದೂ ಅವನ ಮೇಲೇ. ಸಾಕಾಗಿದೆ ರೀ.

ಜಪಾನಿನಲ್ಲಿ ಕೆಲವು ಲಿಫ್ಟುಗಳ ಮೂಲೆಯಲ್ಲಿ ಒಂದು ಪೆಟ್ಟಿಗೆ ಇಟ್ಟಿರುತ್ತಾರೆ. ಭೂಕಂಪವಾಗಿ ಸಿಕ್ಕಿಕೊಂಡವರಿಗೆ ಕುಡಿಯುವ ನೀರು, ತುರ್ತು ಶೌಚದ ಚೀಲ ಎಲ್ಲ ಅದರಲ್ಲಿ. ಇದನ್ನು ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ನಾಚಿಕೆಯಾಗಿ ಬ್ಯಾಟರಿಯಾದರೂ ತರಿಸುತ್ತಾರೆ ಅಂತ. ಕಾರ್ಯದರ್ಶಿಗಳು ಹೆಬ್ಬೆಟ್ಟು ಒತ್ತಿದರು. 'ಒಳ್ಳೇ ಸಲಹೆ. ಬ್ಯಾಟರಿಗಿಂತ ಕಡಿಮೆಯಲ್ಲಿ ಆಗುತ್ತೆ. ಮುಂದಿನ ಮೀಟಿಂಗಿನಲ್ಲಿ ಇಡೋಣ.'

ಅದರ ಕೆಳಗೇ ರಾಯರ ಮೆಸೇಜು: 'ನೀರಿನ ಬಾಟಲಿಗೆ ಗ್ರೌಂಡ್ ಫ್ಲೋರಿನವರು ಕೊಡೋ ಹಾಗಿಲ್ಲ ಅಲ್ವಾ?'