ಸ್ಪಷ್ಟನೆ: ಬಾಂಡ್ ಪೇಪರ್ ಬರೆಸಿದ ಮಾತ್ರಕ್ಕೆ ಕಾರಿನ ಹೊಣೆ ತಪ್ಪುವುದಿಲ್ಲ

“ಹಳೇ ಕಾರು ಮಾರಿದಾಗ ಬಾಂಡ್ ಪೇಪರ್ ಬರೆಸಿಕೊಂಡರೆ ಸಾಕು, ಆಮೇಲೆ ಎಲ್ಲಾ ಕೊಂಡವರ ಹೊಣೆ” ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಆರ್‌ಸಿಯಲ್ಲಿ (ವಾಹನದ ನೋಂದಣಿ ಪತ್ರ) ಹೆಸರಿದ್ದವರೇ ಕಾನೂನಿನ ಪ್ರಕಾರ ಮಾಲೀಕರು. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಕಾರು ಕೈಯಿಂದ ಕೈಗೆ ದಾಟಿತ್ತು, ಆರ್‌ಸಿ ಮಾತ್ರ ಬದಲಾಗಿರಲಿಲ್ಲ. ಅಪಘಾತದ ಪರಿಹಾರ ಕೊಡುವ ಹೊಣೆ, ಆರ್‌ಸಿಯಲ್ಲಿ ಇನ್ನೂ ಹೆಸರಿದ್ದ ಮೊದಲ ಮಾರಾಟಗಾರರ ಮೇಲೇ ಬಿತ್ತು. ಪಾಪ, ಅವರು ಆ ಕಾರು ಮಾರಿ ಎಷ್ಟೋ ಕಾಲವಾಗಿತ್ತು!

ಮಾಲೀಕರ ಹೆಸರು ಬದಲಾಯಿಸಲು ಬೇಕಾದ ಫಾರಂ 29, 30ಕ್ಕೆ ಸಹಿ ಹಾಕಿ ದಲ್ಲಾಳಿ ಕೈಗೆ ಕೊಟ್ಟು ಸುಮ್ನೆ ಕೂರಬೇಡಿ. ಅವು ಆರ್‌ಟಿಒಗೆ ಸೇರಬೇಕು ಅಲ್ವಾ? ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಲು ಕೊಂಡವರು 14 ದಿನದೊಳಗೆ ಅರ್ಜಿ ಹಾಕಬೇಕು.